ಹೊರಗೆ ಬಿಳಿ ಪಂಚೆ, ಒಳಗೆ ಕರಿ ಕಂಬಳಿ

ಬಳ್ಳಾರಿಯಿಂದ ಹಿರಿಯೂರಿನ ಕಡೆ ಬರುವ ರಾಷ್ಟ್ರೀಯ ಹೆದ್ದಾರಿ 150ಎ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರ, ಹಾನಗಲ್ ದಾಟಿ ಚಳ್ಳಕೆರೆಗೆ ಸೇರುತ್ತದೆ. ಈ ದಾರಿಗೆ ಗಾಡಿಯನ್ನೇ ಮನೆ ಮಾಡಿಕೊಂಡವರು ಹೊಸಬರಲ್ಲ. ಲಾರಿಯ ಕ್ಯಾಬಿನ್ನಿನಲ್ಲೇ ಉಂಡು ಮಲಗುವ ಚಾಲಕರು, ಬೋರ್‌ವೆಲ್ ಗಾಡಿಯ ಜೊತೆ ಊರೂರು ತಿರುಗುವ ಕೂಲಿಕಾರರು, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೋ ಗೌರಸಮುದ್ರ ಮಾರಮ್ಮನ ಜಾತ್ರೆಗೋ ಸಾಮಾನು ಹೇರಿಕೊಂಡು ಬಂದು ಟೆಂಪೊದೊಳಗೇ ರಾತ್ರಿ ಕಳೆಯುವ ವ್ಯಾಪಾರಿಗಳು ಎಲ್ಲರೂ ಈ ಸಾಲಿನವರೇ. ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಅಶೋಕನ ಶಾಸನ ನೋಡಲು ಬರುವ ಕಾರವಾನ್ ಪ್ರವಾಸಿಗರು ಈಚೆಗೆ ಇವರ ಜೊತೆ ಸೇರಿಕೊಳ್ಳುತ್ತಿದ್ದಾರೆ. ಹಳೆಯ ವ್ಯಾನ್ ಕೊಂಡು ಒಳಗೆ ಹಾಸಿಗೆ, ಒಲೆ, ನೀರಿನ ಕ್ಯಾನು ಜೋಡಿಸಿಕೊಂಡ ಮೇಲೆ ಇವರಿಗೆಲ್ಲ ಎದುರಾಗುವ ಪ್ರಶ್ನೆ ಒಂದೇ: ಕಿಟಕಿಗೆ ಏನು ಹಾಕುವುದು? ಯಾವ ಬಟ್ಟೆ, ಯಾವ ಶೀಟು ಎಂಬಲ್ಲಿಗೇ ಸಾಮಾನ್ಯವಾಗಿ ಮಾತು ಮುಗಿದುಹೋಗುತ್ತದೆ. ಆ ಬಟ್ಟೆ ಗಾಜಿನ ಯಾವ ಬದಿಗೆ ಇರಬೇಕು, ಯಾವ ಹೊತ್ತಿನಲ್ಲಿ ಇರಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಬಟ್ಟೆಯ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ. ಚಳ್ಳಕೆರೆ ಸೀಮೆಯ ಮಟ್ಟಿಗೆ ಉತ್ತರ ಇಷ್ಟು: ಹಗಲು ಗಾಜಿನ ಹೊರಗೆ ಬಿಳಿ ಹತ್ತಿ ಬಟ್ಟೆ, ರಾತ್ರಿ ಗಾಜಿನ ಒಳಗೆ ಉಣ್ಣೆ ಕಂಬಳಿ. ಎರಡೂ ಇಲ್ಲಿಯ ಸಂತೆಯಲ್ಲೇ ಸಿಗುವ ವಸ್ತು, ಎರಡನ್ನೂ ಮನೆಯಲ್ಲೇ ಹೊಲಿದುಕೊಳ್ಳಬಹುದು.

ಮೊದಲು ಬಿಸಿಲಿನ ಲೆಕ್ಕ ನೋಡೋಣ. ಚಳ್ಳಕೆರೆ ಇರುವುದು ಸುಮಾರು 14.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೊಳಕಾಲ್ಮೂರು ಅದಕ್ಕಿಂತ ತುಸು ಮೇಲೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ಇಲ್ಲಿ ನಡುಹಗಲಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಹಾಗಾಗಿ ಬೇಸಿಗೆಯ ಮಟಮಟ ಮಧ್ಯಾಹ್ನ ವ್ಯಾನಿನ ಪಕ್ಕದ ಕಿಟಕಿಗಳಿಗೆ ನೇರ ಬಿಸಿಲು ಬೀಳುವುದೇ ಇಲ್ಲ. ಆಗ ಕಾಯುವುದು ಮೇಲ್ಛಾವಣಿ ಮತ್ತು ಓರೆಯಾಗಿರುವ ಮುಂದಿನ ಗಾಜು. ಪಕ್ಕದ ಕಿಟಕಿಗಳ ಸರದಿ ಬರುವುದು ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಪೂರ್ವದಲ್ಲಿ, ಸಂಜೆ ಮೂರರಿಂದ ಐದೂವರೆಯವರೆಗೆ ಪಶ್ಚಿಮದಲ್ಲಿ. ಪಶ್ಚಿಮದ ಬಿಸಿಲೇ ಹೆಚ್ಚು ಕಷ್ಟ, ಏಕೆಂದರೆ ಅಷ್ಟು ಹೊತ್ತಿಗೆ ತಗಡು, ನೆಲ, ಗಾಳಿ ಎಲ್ಲವೂ ಕಾದು ಕೂತಿರುತ್ತವೆ. ಇದರಿಂದ ಒಂದು ಕಾಸಿನ ಖರ್ಚಿಲ್ಲದ ಪಾಠ ಸಿಗುತ್ತದೆ. ಗಾಡಿಯನ್ನು ಉತ್ತರ–ದಕ್ಷಿಣವಾಗಿ ನಿಲ್ಲಿಸಿದರೆ ಅದರ ಉದ್ದನೆಯ ಪಕ್ಕ ಪಶ್ಚಿಮಕ್ಕೆ ತೆರೆದುಕೊಳ್ಳುತ್ತದೆ. ಪೂರ್ವ–ಪಶ್ಚಿಮವಾಗಿ ನಿಲ್ಲಿಸಿ ಹಿಂಬದಿಯನ್ನು ಪಶ್ಚಿಮಕ್ಕೆ ಇಟ್ಟರೆ ಒಂದೇ ಒಂದು ಗಾಜನ್ನು ಮುಚ್ಚಿದರೆ ಸಾಕು. ನಿಲ್ಲಿಸುವ ದಿಕ್ಕನ್ನು ಸರಿಮಾಡಿಕೊಳ್ಳದೆ ಪರದೆಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ.

ಆ ಒಂದು ಗಾಜಿನಿಂದ ಒಳಗೆ ಬರುವ ಶಾಖ ಎಷ್ಟು? ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಕಿಟಕಿ ಎಂದರೆ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಏಪ್ರಿಲ್ ತಿಂಗಳ ಶುಭ್ರ ಸಂಜೆ ನಾಲ್ಕು ಗಂಟೆಗೆ ಪಶ್ಚಿಮದ ಗೋಡೆಯ ಮೇಲೆ ಚದರ ಮೀಟರಿಗೆ 600 ವಾಟ್ ಆಸುಪಾಸಿನ ಬಿಸಿಲು ಬೀಳುತ್ತದೆ. ಮಾಮೂಲಿ ಗಾಜು ಅದರಲ್ಲಿ ಮುಕ್ಕಾಲು ಭಾಗವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಂದಾಜಿನಲ್ಲಿ ಒಂದು ಕಿಟಕಿಗೆ 250 ವಾಟ್; ಅಂಥ ಮೂರು ಕಿಟಕಿಗೆ 750 ವಾಟ್, ಅಂದರೆ ಮನೆಬಳಕೆಯ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಮುಚ್ಚಿದ ವ್ಯಾನಿನೊಳಗೆ ಉರಿಯಲು ಬಿಟ್ಟಷ್ಟು. ಬಂದ ಬಿಸಿಲು ಸೀಟು, ಹಾಸಿಗೆ, ನೆಲಕ್ಕೆ ಬಡಿದು ಶಾಖವಾಗುತ್ತದೆ. ಆ ಬಿಸಿ ವಸ್ತುಗಳು ಸೂಸುವ ಕಿರಣಗಳ ತರಂಗಾಂತರ ದೊಡ್ಡದು. ಅವನ್ನು ಗಾಜು ಹೊರಗೆ ಬಿಡುವುದಿಲ್ಲ. ಬಿಸಿಲಿಗೆ ಒಳಗೆ ಬರಲು ಬಾಗಿಲು ತೆರೆದೇ ಇದೆ, ಶಾಖಕ್ಕೆ ಹೊರಗೆ ಹೋಗಲು ಮುಚ್ಚಿದೆ. ಇಲ್ಲಿಯೇ ಪರದೆಯ ಜಾಗದ ಪ್ರಶ್ನೆ ಬರುವುದು. ಒಳಗೆ ಕಟ್ಟಿದ ದಪ್ಪ ಪರದೆ ಕಣ್ಣಿಗೆ ಕತ್ತಲೆ ಮಾಡುತ್ತದೆ, ಆದರೆ ಬಿಸಿಲನ್ನು ಅದು ಹೀರುವ ಹೊತ್ತಿಗೆ ಬಿಸಿಲು ಗಾಜನ್ನು ದಾಟಿ ಆಗಿರುತ್ತದೆ. ಪರದೆ ತಾನು ಕಾದು ಆ ಶಾಖವನ್ನು ಒಳಗಿನ ಗಾಳಿಗೇ ಕೊಡುತ್ತದೆ. ಹೊರಗೆ ಕಟ್ಟಿದ ಬಟ್ಟೆ ಕಾದರೂ ಅದರ ಶಾಖ ಬಯಲಿನ ಗಾಳಿಗೆ ಹೋಗುತ್ತದೆ. ಅದೇ ಬಟ್ಟೆ, ಅದೇ ಬೆಲೆ. ಗಾಜಿನ ಆಚೆಗೋ ಈಚೆಗೋ ಎಂಬುದರ ಮೇಲೆ ಫಲ ಬೇರೆ. ನಮ್ಮ ಹಳೆಯ ಮನೆಗಳು ಕಿಟಕಿಯ ಹೊರಗೆ ಸೂರು ಇಳಿಸಿದ್ದು, ಅಂಗಡಿಯವರು ಮುಂದೆ ಗೋಣಿತಟ್ಟು ಇಳಿಬಿಟ್ಟದ್ದು ಇದೇ ತಿಳಿವಳಿಕೆಯಿಂದ.

ಇದಕ್ಕೆ ಎದುರು ಮಾತು ಇದೆ. ಕಾರಿನ ಸಾಮಾನಿನ ಅಂಗಡಿಗಳಲ್ಲಿ ಬೆಳ್ಳಿಬಣ್ಣದ ಫಾಯಿಲ್ ಶೀಟು ಸಿಗುತ್ತದೆ. ನಡುವೆ ಗಾಳಿಗುಳ್ಳೆಯ ಪ್ಲಾಸ್ಟಿಕ್, ಮೇಲೆ ಹೊಳೆಯುವ ಪದರ. ಕತ್ತರಿಸಿ ಒಳಗಿನಿಂದ ಗಾಜಿಗೆ ಒತ್ತಿದರೆ ಆಯಿತು, ಹೊರಗೆ ಬಟ್ಟೆ ಕಟ್ಟುವ ಗೋಜೇ ಇಲ್ಲ ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಳೆಯುವ ಮೈ ಬಿಸಿಲನ್ನು ಹೀರದೆ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಒಳಗೆ ಕಟ್ಟುವ ಕರಿ ಪರದೆಗಿಂತ ಅದು ಖಂಡಿತ ಮೇಲು. ಮುಂದಿನ ದೊಡ್ಡ ಗಾಜಿಗೆ, ಹೊರಗಿನಿಂದ ಮುಚ್ಚಲಾಗದ ಕಡೆಗೆ, ಅದನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಈ ಶೀಟು ವ್ಯಾನ್ ಮನೆಗಳಲ್ಲಿ ಹೆಸರು ಮಾಡಿದ್ದು ಚಳಿದೇಶಗಳಲ್ಲಿ. ಅಲ್ಲಿ ಒಳಗಿನ ಬಿಸುಪನ್ನು ಹಿಡಿದಿಡುವುದೇ ಮುಖ್ಯ ಕೆಲಸ, ಕಿಟಕಿಯನ್ನು ಗಾಳಿಯಾಡದಂತೆ ಬಿಗಿದರೂ ನಡೆಯುತ್ತದೆ. ಚಳ್ಳಕೆರೆಯ ಬೇಸಿಗೆಯಲ್ಲಿ ಗಾಜನ್ನು ಇಳಿಸಿ ಗಾಳಿ ಬಿಡುವುದೇ ಮುಖ್ಯ. ಗಾಜು ಇಳಿಸಿದರೆ ಗಾಜಿಗೆ ಅಂಟಿದ ಶೀಟಿಗೆ ಆಧಾರವಿಲ್ಲ. ಶೀಟು ಇಟ್ಟರೆ ಗಾಳಿಯಿಲ್ಲ. ಇದರ ಮೇಲೆ ಧೂಳು ಕೂತಷ್ಟೂ ಹೊಳಪು ಹೋಗುತ್ತದೆ, ಹೊಳಪು ಹೋದಷ್ಟೂ ಕೆಲಸ ಕೆಡುತ್ತದೆ. ಮಡಿಸಿ ಮಡಿಸಿ ಗುಳ್ಳೆ ಒಡೆದ ಮೇಲೆ ಉಳಿಯುವುದು ಕಸ. ಹರಿದ ಪಂಚೆಗೆ ತೇಪೆ ಹಾಕಬಹುದು, ಅದಕ್ಕೆ ಆಗುವುದಿಲ್ಲ.

ಹೊರಗಿನ ಬಟ್ಟೆಗೆ ಬೇಕಾದದ್ದು ಮೂರು ಗುಣ: ಬಿಳುಪು, ದಟ್ಟ ನೇಯ್ಗೆ, ಒಗೆದರೆ ತಡೆದುಕೊಳ್ಳುವ ಗಟ್ಟಿತನ. ಹಳೆಯ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಹೊಲಿದರೆ ಮೂರೂ ಸಿಗುತ್ತವೆ. ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆ ನೆನಪಾಗುವುದು ಸಹಜ. ಆದರೆ ಸವೆದ ರೇಷ್ಮೆ ಸೀರೆಯನ್ನು ಕಿಟಕಿಗೆ ಕಟ್ಟುವ ಆಲೋಚನೆ ಬೇಡ. ಬಿಸಿಲಿನ ನೇರಳಾತೀತ ಕಿರಣಕ್ಕೆ ಬೇಗ ಹಳದಿ ತಿರುಗಿ ಪಿಸಿಯುವ ನಾರುಗಳಲ್ಲಿ ರೇಷ್ಮೆಯೂ ಒಂದು. ಅಳತೆಗೆ ಟೇಪು ನಂಬಬಾರದು, ಏಕೆಂದರೆ ವ್ಯಾನಿನ ಕಿಟಕಿಯ ಮೂಲೆಗಳು ದುಂಡಗಿರುತ್ತವೆ, ಮೇಲಂಚು ಕೆಳಂಚು ಸಮ ಇರುವುದಿಲ್ಲ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಗಮ್ ಟೇಪಿನಿಂದ ಜೋಡಿಸಿ ಗಾಜಿನ ಮೇಲೆ ಇಟ್ಟು, ರಬ್ಬರ್ ಬೀಡಿಂಗಿನ ಗುಂಟ ಬೆರಳಿನಿಂದ ಒತ್ತಿ ಗೆರೆ ಮೂಡಿಸಿ ಕತ್ತರಿಸಿದರೆ ಸರಿಯಾದ ಪಡಿಯಚ್ಚು ಸಿಗುತ್ತದೆ. ಅದರ ಮೇಲೆ ಎಡ–ಬಲ, ಹೊರಗೆ–ಒಳಗೆ ಎಂದು ಬರೆದಿಟ್ಟುಕೊಳ್ಳಬೇಕು. ಎರಡೂ ಪಕ್ಕದ ಕಿಟಕಿ ಒಂದೇ ಆಕಾರದಂತೆ ಕಂಡರೂ ಕನ್ನಡಿಯಲ್ಲಿ ತಿರುಗಿಸಿದಂತೆ ಅದಲು ಬದಲಾಗಿರುತ್ತವೆ. ಹೊರಗಿನ ಬಟ್ಟೆಯನ್ನು ಸುತ್ತಲೂ ಒಂದು ಗೇಣು ದೊಡ್ಡದಾಗಿ ಕತ್ತರಿಸಿ, ಮೇಲಂಚಿನಲ್ಲಿ ಎರಡು ಕಿವಿಗಳನ್ನು ಬಿಡಬೇಕು. ಬಾಗಿಲಿನ ಕಿಟಕಿಯಾದರೆ ಆ ಕಿವಿಗಳನ್ನು ಒಳಗೆ ಎಳೆದು ಬಾಗಿಲು ಹಾಕಿದರೆ ಬಟ್ಟೆ ಅಲ್ಲೇ ನಿಲ್ಲುತ್ತದೆ. ಲಾರಿ ಚಾಲಕರು ಟವೆಲನ್ನು ಗಾಜಿನ ಸಂದಿಗೆ ಸಿಕ್ಕಿಸುವುದು ಇದೇ ಯುಕ್ತಿ. ಕೆಳಗಿನ ಎರಡು ಮೂಲೆಗೆ ಲಾಡಿ ಹೊಲಿದು, ಬಟ್ಟೆಯನ್ನು ಗಾಜಿಗೆ ಅಂಟದಂತೆ ಒಂದೆರಡು ಗೇಣು ಮುಂದಕ್ಕೆ ಎಳೆದು ಕಟ್ಟಿದರೆ ನಡುವೆ ಗಾಳಿ ಆಡುತ್ತದೆ, ಗಾಜನ್ನು ಇಳಿಸಲೂಬಹುದು. ಅಂಟಿಸುವ ವೆಲ್‌ಕ್ರೋ ಪಟ್ಟಿಯ ಗೋಂದು ಈ ಬಿಸಿಲಿಗೆ ಕರಗುತ್ತದೆ, ಹೀರುಬಟ್ಟಲು ಧೂಳಿನ ಗಾಜಿಗೆ ಹಿಡಿಯುವುದಿಲ್ಲ. ಆಷಾಢದ ಗಾಳಿಗೆ ನಿಲ್ಲುವುದು ಲಾಡಿಯ ಗಂಟೊಂದೇ.

ಗಾಳಿ ಬಿಡುವುದಾದರೆ ಇನ್ನೊಂದು ಅನುಕೂಲ ಕೈಗೆ ಬರುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಈ ಬಯಲುಸೀಮೆಯ ಗಾಳಿ ಬಹಳ ಒಣ. ಒಣಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ಶಾಖ ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 2,400 ಕಿಲೋಜೂಲ್, ಅಂದರೆ ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಭಾಗದಷ್ಟು. ಮೇಲೆ ಹೇಳಿದ 250 ವಾಟಿನ ಕಿಟಕಿ ಎರಡೂವರೆ ಗಂಟೆ ಸುರಿಯುವ ಶಾಖಕ್ಕೆ ಇದು ಸಮ. ಕಡಲೆಕಾಯಿ, ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಗೋಣಿಚೀಲಕ್ಕೆ ಬರವಿಲ್ಲ. ಗಾಳಿ ಬೀಸುವ ಬದಿಯ ತೆರೆದ ಕಿಟಕಿಗೆ ಒದ್ದೆ ಗೋಣಿಯನ್ನು ಇಳಿಬಿಟ್ಟು, ಎದುರು ಬದಿಯ ಕಿಟಕಿಯನ್ನು ತೆರೆದಿಟ್ಟರೆ ಒಳಗೆ ಬರುವ ಗಾಳಿ ತಣ್ಣಗಿರುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುವ ಹಳೆಯ ಪದ್ಧತಿಯ ಬಡವರ ರೂಪ ಇದು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳ ಸಾಲಿನ ಊರಲ್ಲಿ ಕಿಟಕಿಗೆ ನೀರು ಸುರಿಯಿರಿ ಎನ್ನುವುದು ಎಷ್ಟು ಸರಿ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆದರೆ ಇದಕ್ಕೆ ಕುಡಿಯುವ ನೀರು ಬೇಕಿಲ್ಲ. ಸೊಪ್ಪು, ತರಕಾರಿ ತೊಳೆದ ನೀರು ಸಾಕು. ಬಿಸಿಲು ಇಳಿಯುವ ಮುಂಚಿನ ಒಂದೆರಡು ಗಂಟೆಗೆ ಒಂದು ಲೀಟರ್ ಸಾಕಾಗುತ್ತದೆ. ಮಳೆಗಾಲದ ತೇವದ ಗಾಳಿಯಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಗೋಣಿ ಆರದೆ ಮುಗ್ಗಲು ಹಿಡಿಯುತ್ತದೆ, ಒಳಗೆ ಜಿಗುಟು ಹೆಚ್ಚುತ್ತದೆ.

ರಾತ್ರಿ ಲೆಕ್ಕ ತಲೆಕೆಳಗಾಗುತ್ತದೆ. ಮೋಡವಿಲ್ಲದ, ಒಣಗಾಳಿಯ ಬಯಲಿನಲ್ಲಿ ನೆಲ ಹಗಲು ಎಷ್ಟು ಬೇಗ ಕಾಯುತ್ತದೋ ರಾತ್ರಿ ಅಷ್ಟೇ ಬೇಗ ಆರುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ತಗಡಿನ ಗಾಡಿಯೊಳಗೆ ನಡುಕ ಹುಟ್ಟುತ್ತದೆ. ಒಂಟಿ ಗಾಜು ಶಾಖವನ್ನು ತಡೆಯುವುದು ತೀರಾ ಕಡಿಮೆ. ಇಲ್ಲಿ ಬೇಕಾದದ್ದು ಒಳಗಿನ ಪದರ, ಮತ್ತು ಆ ಪದರಕ್ಕೆ ಚಳ್ಳಕೆರೆ ಸೀಮೆಯ ಕುರಿ ಕಂಬಳಿಯನ್ನು ಮೀರಿಸುವ ವಸ್ತು ಈ ಬೆಲೆಗೆ ಕಷ್ಟ. ಬಳ್ಳಾರಿ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಬಳ್ಳಾರಿ ತಳಿಯ ಕುರಿಯ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ ಎಂದು ಸ್ವೆಟರಿಗೆ ಯಾರೂ ಕೇಳುವುದಿಲ್ಲ. ಕಿಟಕಿಗೆ ಆ ಒರಟುತನ ಅಡ್ಡಿಯಲ್ಲ, ಏಕೆಂದರೆ ನಾರಿನ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿಯೇ ಶಾಖವನ್ನು ತಡೆಯುವುದು. ನಾಲ್ಕೈದು ಮಿಲಿಮೀಟರ್ ದಪ್ಪದ ಕಂಬಳಿ, ಅದರ ಮತ್ತು ಗಾಜಿನ ನಡುವೆ ಅಲುಗಾಡದ ಗಾಳಿಯ ಒಂದು ಪದರ ಎರಡೂ ಸೇರಿದರೆ ಬರಿಗಾಜಿನಿಂದ ಹೋಗುತ್ತಿದ್ದ ಶಾಖದಲ್ಲಿ ಅರ್ಧಕ್ಕೂ ಹೆಚ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕಬಹುದು. ಷರತ್ತು ಒಂದೇ: ಅಂಚಿನಲ್ಲಿ ಸಂದು ಇರಬಾರದು. ಸಂದು ಬಿಟ್ಟರೆ ಗಾಜಿಗೆ ತಾಗಿ ತಣ್ಣಗಾದ ಗಾಳಿ ಕೆಳಗಿನಿಂದ ಜಾರಿ ಒಳಗೆ ಬರುತ್ತದೆ, ಮೇಲಿನಿಂದ ಬೆಚ್ಚನೆಯ ಗಾಳಿ ಅಲ್ಲಿಗೆ ಹೋಗುತ್ತದೆ. ಎಷ್ಟು ದಪ್ಪದ ಕಂಬಳಿ ಹಾಕಿಯೂ ಪ್ರಯೋಜನವಿಲ್ಲ.

ಕಂಬಳಿಯ ವಿರುದ್ಧದ ಆಕ್ಷೇಪಗಳೂ ಕಡಿಮೆಯಿಲ್ಲ. ಕರಿ ಬಣ್ಣ ಬಿಸಿಲು ಹೀರುತ್ತದಲ್ಲ ಎಂಬುದು ಮೊದಲನೆಯದು. ನಿಜ, ಅದಕ್ಕೇ ಕಂಬಳಿ ಹಗಲಿನ ಹೊರಗಿನ ಬಟ್ಟೆಯಲ್ಲ. ರಾತ್ರಿಯ ಕತ್ತಲಲ್ಲಿ ಬಣ್ಣದಿಂದ ಆಗುವ ವ್ಯತ್ಯಾಸವಿಲ್ಲ, ಬದಲಿಗೆ ಒಳಗಿನ ದೀಪ ಹೊರಗೆ ಕಾಣದಂತೆ ಮಾಡುವುದರಲ್ಲಿ ಕಪ್ಪೇ ವಾಸಿ. ಒದ್ದೆಯಾದರೆ ವಾಸನೆ ಬರುತ್ತದೆ ಎಂಬುದು ಎರಡನೆಯದು. ಮಲಗಿರುವ ಇಬ್ಬರ ಉಸಿರು, ಬೆವರಿನಿಂದ ಒಂದು ರಾತ್ರಿಯಲ್ಲಿ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ಅದು ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಪ್ಲಾಸ್ಟಿಕ್ ಶೀಟಾದರೆ ಆ ನೀರು ಕೆಳಗಿಳಿದು ತಗಡಿಗೆ ತುಕ್ಕು ಹಿಡಿಸುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಕೈಗೆ ಒದ್ದೆ ಎನಿಸದಂತೆ ಹೀರಿಟ್ಟುಕೊಳ್ಳಬಲ್ಲದು. ಬೆಳಿಗ್ಗೆ ಹೊರಗೆ ಹರವಿದರೆ ಬಿಟ್ಟುಕೊಡುತ್ತದೆ. ಕಂಬಳಿ ಕೊಪ್ಪೆ ಹೊದ್ದು ಜಿಟಿಜಿಟಿ ಮಳೆಯಲ್ಲಿ ಕುರಿ ಕಾಯುವವರು ಈ ಗುಣವನ್ನು ನಂಬಿಯೇ ಇದ್ದವರು. ಆದರೂ ಕಂಬಳಿ ಹಾಕದ ಒಂದು ಕಿಟಕಿಯನ್ನು ಎರಡು ಬೆರಳಷ್ಟು ತೆರೆದೇ ಮಲಗಬೇಕು. ಯಾವ ಪರದೆಯೂ ಉಸಿರಾಟದ ಗಾಳಿಗೆ ಬದಲಿಯಲ್ಲ. ಒಳಗೆ ಇದ್ದಿಲು, ಗ್ಯಾಸ್ ಒಲೆ ಉರಿಸಿಟ್ಟು ಎಲ್ಲವನ್ನೂ ಮುಚ್ಚಿ ಮಲಗುವುದು ಪ್ರಾಣಕ್ಕೇ ಅಪಾಯ. ಮೂರನೆಯ ಆಕ್ಷೇಪ ಹುಳುವಿನದು. ಉಣ್ಣೆ ತಿನ್ನುವ ಹುಳು ಬೆಳೆಯುವುದು ಮಡಿಸಿ ಕತ್ತಲಲ್ಲಿ ಇಟ್ಟ ಬಟ್ಟೆಯಲ್ಲಿ. ದಿನಾ ಬಿಚ್ಚಿ ಕೊಡವಿ ಬಿಸಿಲಿಗೆ ಹಾಕುವ ಕಿಟಕಿ ಕಂಬಳಿಗೆ ಅದರ ಕಾಟ ಕಡಿಮೆ.

ಇನ್ನೊಂದು ಆಕ್ಷೇಪ ಭಾವನೆಗೆ ಸೇರಿದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಕಂಬಳಿ ಗದ್ದುಗೆ ಹಾಕಿ ದೇವರನ್ನು ಕೂರಿಸುವ, ಮದುವೆಯ ಶಾಸ್ತ್ರ ಮಾಡುವ ನಾಡಿದು. ಅಂಥ ಕಂಬಳಿಗೆ ಕತ್ತರಿ ಹಾಕುವುದೇ ಎಂದು ಹಿರಿಯರು ಮುಖ ಸಿಂಡರಿಸಬಹುದು. ಅದಕ್ಕೆ ಉತ್ತರ, ಹೊಸ ಕಂಬಳಿಯನ್ನು ಕತ್ತರಿಸಲೇಬೇಕಾಗಿಲ್ಲ. ಹೊದ್ದು ಸವೆದು ಅಲ್ಲಲ್ಲಿ ತೂತಾದ ಕಂಬಳಿಯ ಗಟ್ಟಿ ಭಾಗಗಳು ಕಿಟಕಿಗೆ ಸಾಕು. ತೆಳುವಾಗಿದ್ದರೆ ಎರಡು ಮಡಿಕೆ ಮಾಡಬಹುದು. ಕೈಮಗ್ಗದ ಕಂಬಳಿಯನ್ನು ಹಾಗೇ ಕತ್ತರಿಸಿದರೆ ಎಳೆ ಬಿಟ್ಟುಕೊಳ್ಳುತ್ತದೆ. ಕತ್ತರಿಸುವ ಗೆರೆಯ ಎರಡೂ ಬದಿಗೆ ಮೊದಲೇ ಒಂದು ಹೊಲಿಗೆ ಹಾಕಿ, ಆಮೇಲೆ ಅಂಚಿಗೆ ಹತ್ತಿ ಬಟ್ಟೆಯ ಪಟ್ಟಿ ಕೊಡಬೇಕು. ಹೊಸದನ್ನೇ ಬಳಸುವುದಾದರೆ ಮೊದಲು ನೆನೆಸಿ ಒಗೆದು ಒಣಗಿಸಬೇಕು. ನೇಯುವಾಗ ಹಾಸಿನ ಎಳೆಗೆ ಹುಣಸೆಬೀಜದ ಗಂಜಿ ಬಳಿದಿರುತ್ತಾರೆ. ಒಗೆದಾಗ ಗಂಜಿ ಬಿಟ್ಟು ಬಟ್ಟೆ ಕುಗ್ಗುತ್ತದೆ. ಒಗೆಯದೆ ಅಳತೆಗೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕಿಟಕಿಯ ಅಂಚಿನಲ್ಲಿ ಸಂದು ಬೀಳುತ್ತದೆ. ಒಳಗಿನ ಪದರವನ್ನು ಪತ್ರಿಕೆಯ ಪಡಿಯಚ್ಚಿಗಿಂತ ಸುತ್ತಲೂ ಒಂದು ಅಂಗುಲ ದೊಡ್ಡದು ಮಾಡಿ, ಅಂಚಿನ ಪಟ್ಟಿಯೊಳಗೆ ಆರಾರು ಅಂಗುಲಕ್ಕೊಂದು ಚಿಕ್ಕ ಅಯಸ್ಕಾಂತ ಇಟ್ಟು ಹೊಲಿದರೆ ತಗಡಿನ ಚೌಕಟ್ಟಿಗೆ ತಾನಾಗಿ ಕಚ್ಚಿಕೊಳ್ಳುತ್ತದೆ. ಫೈಬರ್, ಅಲ್ಯುಮಿನಿಯಂ ಇಲ್ಲವೇ ಪ್ಲಾಸ್ಟಿಕ್ ಹೊದಿಕೆಯ ಚೌಕಟ್ಟಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಅಲ್ಲಿ ಟಿಚ್ ಬಟನ್ನೇ ಗತಿ. ಕಂಬಳಿ ಭಾರವಾದ್ದರಿಂದ ಮೇಲಂಚಿನಲ್ಲಿ ಬಟನ್ ಒತ್ತೊತ್ತಾಗಿರಬೇಕು.

ಕಾನೂನು ಮತ್ತು ಬೆಂಕಿಯ ಮಾತನ್ನು ಬಿಟ್ಟರೆ ವಾದ ಪೂರ್ತಿಯಾಗದು. ಇಷ್ಟೆಲ್ಲ ರಗಳೆ ಬಿಟ್ಟು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಸಾಲದೇ ಎಂದರೆ, ಸಾಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜು ಕನಿಷ್ಠ ಶೇಕಡಾ 70, ಪಕ್ಕದ ಗಾಜು ಕನಿಷ್ಠ ಶೇಕಡಾ 50 ಬೆಳಕು ಬಿಡಬೇಕು. 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿನ ಬಳಕೆಯನ್ನು ನಿಷೇಧಿಸಿತು. ಅರ್ಧ ಬೆಳಕನ್ನು ಒಳಗೆ ಬಿಡಲೇಬೇಕಾದ ಗಾಜಿನಿಂದ ಮಲಗುವವರ ಮರೆಯೂ ಆಗದು, ನೆರಳೂ ಪೂರ್ತಿ ಸಿಗದು. ಆದ್ದರಿಂದ ನಿಂತಾಗ ಹಾಕಿ, ಹೊರಡುವಾಗ ಬಿಚ್ಚಿಡುವ ಬಟ್ಟೆಯೇ ದಾರಿ. ಲಾಡಿ, ಅಯಸ್ಕಾಂತ, ಟಿಚ್ ಬಟನ್ ಬೇಕೆನ್ನುವುದು ಇದಕ್ಕೂ ಸೇರಿ. ಇನ್ನು ಬೆಂಕಿ. ಒಲೆಯಿಂದ ಎರಡು ಅಡಿ ದೂರದಲ್ಲಿ ಪರದೆ ತೂಗುವ ಮನೆಯಲ್ಲಿ ಬಟ್ಟೆ ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಎಂಬುದು ಮುಖ್ಯ. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇಕಡಾ 21. ಹತ್ತಿ ಉರಿಯುತ್ತಲೇ ಇರಲು ಸುಮಾರು ಶೇಕಡಾ 18 ಸಾಕು, ಉಣ್ಣೆಗೆ ಸುಮಾರು 25 ಬೇಕು. ಕಿಡಿ ಬಿದ್ದ ಕಂಬಳಿ ಕಮಟು ನಾತ ಹೊಡೆದು ಸುಟ್ಟ ಜಾಗದಲ್ಲೇ ನಂದುವುದು ಇದರಿಂದ. ಫಾಯಿಲ್ ಶೀಟಿನ ಪಾಲಿಥೀನ್ ಆದರೆ ಕರಗಿ ತೊಟ್ಟಿಕ್ಕುತ್ತ ಉರಿಯುತ್ತದೆ. ಒಲೆಯ ಬಳಿಯ ಕಿಟಕಿಗೆ ಒಳಗಡೆ ಹತ್ತಿಯೂ ಬೇಡ, ಫಾಯಿಲ್ ಶೀಟೂ ಬೇಡ, ಕಂಬಳಿಯೊಂದೇ ಇರಲಿ.

ಕಡೆಯದಾಗಿ ಬೆಲೆ. ಗಿರಣಿಯ ಅಗ್ಗದ ಚಾದರದ ಎದುರು ಕೈಮಗ್ಗದ ಕಂಬಳಿ ದುಬಾರಿ, ಸರಿ. ಆದರೆ ಒಂದು ಮಾಮೂಲಿ ಕಂಬಳಿಯಲ್ಲಿ ಮೂರಡಿ–ಎರಡಡಿಯ ನಾಲ್ಕೈದು ಕಿಟಕಿಗೆ ಬಟ್ಟೆ ಆಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ; ಪ್ರತಿ ಬೇಸಿಗೆಗೆ ಹೊಸ ಶೀಟು ಕೊಳ್ಳುವವರು ಕೂಡಿ ಕಳೆದು ನೋಡಲಿ. ಎಲ್ಲವನ್ನೂ ಒಮ್ಮೆಗೆ ಮಾಡಲಾಗದವರು ಈ ಅನುಕ್ರಮ ಹಿಡಿಯಬಹುದು: ಮೊದಲು ಗಾಡಿಯ ದಿಕ್ಕು, ಅದಕ್ಕೆ ಖರ್ಚಿಲ್ಲ, ಆಮೇಲೆ ಪಶ್ಚಿಮದ ಕಿಟಕಿಗೆ ಹೊರಗಿನ ಬಿಳಿ ಬಟ್ಟೆ, ಅದಕ್ಕೆ ಮನೆಯ ಹಳೆಯ ಪಂಚೆ ಸಾಕು, ಗಾಜು ಇಳಿಸುವ ಕಿಟಕಿಗೆ ಸೊಳ್ಳೆಪರದೆಯ ಜಾಲರಿ, ಚಳಿ ಬರುವ ಮುಂಚೆ ಮಲಗುವ ಬದಿಯ ಕಿಟಕಿಗೆ ಕಂಬಳಿ. ನೇಕಾರರ ಸಹಕಾರ ಸಂಘಗಳೂ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೂ ಇದನ್ನು ಗಮನಿಸಬೇಕು. ಹೊದೆಯುವ ಕಂಬಳಿ ಮೈಗೆ ಚುಚ್ಚುತ್ತದೆ ಎನ್ನುತ್ತಾರೆ, ಕಿಟಕಿಗೆ ಮೈಯಿಲ್ಲ. ಹೆಚ್ಚು ಓಡುವ ನಾಲ್ಕಾರು ಮಾದರಿಯ ವ್ಯಾನ್, ಲಾರಿ ಕ್ಯಾಬಿನ್ನುಗಳ ಅಳತೆಗೆ ಒಗೆದು, ಅಂಚು ಕಟ್ಟಿ, ಅಯಸ್ಕಾಂತ ಹೊಲಿದ ತುಂಡುಗಳನ್ನು ಹೆದ್ದಾರಿಯ ಬದಿಯಲ್ಲೇ ಮಾರಿದರೆ ಕೊಳ್ಳುವವರು ದಿನವೂ ಮಗ್ಗದ ಮುಂದೆಯೇ ಹಾದುಹೋಗುತ್ತಿದ್ದಾರೆ.